‘ಬೆಳಿಗ್ಗೆ ನೋಡೋಣ’ ಬೇಡ: ಹೊಟ್ಟೆಯೊಳಗಿನ ಮಗುವಿನ ಮಿಸುಕಾಟ ತಿಳಿಯಲು ಸಮಗ್ರ ಮಾರ್ಗದರ್ಶಿ

ನನ್ನ ಚೊಚ್ಚಲ ಬಸಿರಿನ ಸೀಮಂತದ ದಿನ. ಆಗ ನನಗೆ 34 ವಾರ. ಬೆಳಿಗ್ಗೆ ಐದಕ್ಕೆ ಎದ್ದವಳು ರಾತ್ರಿವರೆಗೂ ನೆಂಟರು, ಆರತಿ, ಬಳೆ, ಫೋಟೋ ಅಂತ ಓಡಾಡುತ್ತಲೇ ಇದ್ದೆ. ರಾತ್ರಿ ಮುಡಿಯಿಂದ ಮಲ್ಲಿಗೆ ದಂಡೆ ತೆಗೆದಿಟ್ಟು ಮಲಗಿದಾಗ ಏನೋ ಕೊರತೆ ಅನಿಸಿತು. ದಿನಾ ನಾನು ಹಾಸಿಗೆಗೆ ಒರಗಿದ ಕೂಡಲೇ ಬಲಪಕ್ಕೆಯ ಕೆಳಗೆ ಒಂದು ಗುದ್ದು ಬೀಳುತ್ತಿತ್ತು. ಅವತ್ತು ಬೀಳಲಿಲ್ಲ. ನೆನಪಿಸಿಕೊಂಡರೆ ಮಧ್ಯಾಹ್ನ ಊಟವಾದ ಮೇಲೂ ಮಿಸುಕಿದ ನೆನಪಿಲ್ಲ.

“ಅಮ್ಮ, ಮಗು ಯಾಕೋ ಸುಮ್ನಿದೆ” ಅಂದೆ. ಪಕ್ಕದಲ್ಲಿದ್ದ ದೊಡ್ಡಮ್ಮ ಹೇಳಿದರು: “ಮಗು ಬೆಳೆದಿದೆ ಕಣೇ, ಒದೆಯೋಕೆ ಜಾಗ ಎಲ್ಲಿದೆ? ನೀನೂ ದಣಿದಿದ್ದೀಯ. ಮಲಗು, ಬೆಳಿಗ್ಗೆ ನೋಡೋಣ.”

ಪ್ರೀತಿಯಿಂದಲೇ ಹೇಳಿದ್ದು. ಆದರೆ ಅದು ತಪ್ಪು ಸಲಹೆ. ನಾವು ಆ ರಾತ್ರಿಯೇ ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಪರೀಕ್ಷೆ ಮಾಡಿದರು, ಎಲ್ಲ ಸರಿ ಇತ್ತು. ಹೋಗಿದ್ದು ದಂಡ ಅಂತ ನನಗೆ ಒಂದು ದಿನವೂ ಅನಿಸಿಲ್ಲ. ಆವತ್ತಿನಿಂದ ನಮ್ಮ ಮನೆಯ, ಓಣಿಯ ಬಸುರಿಯರಿಗೆಲ್ಲ ನಾನು ಹೇಳುತ್ತಾ ಬಂದಿರುವುದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಇದನ್ನು ಓದಿ

ನೀವು ಈಗ ಬಸುರಿ, ಮಗು ಮಿಸುಕುತ್ತಿಲ್ಲ ಅಂತ ಗಾಬರಿಯಾಗಿ ಇದನ್ನು ಓದುತ್ತಿದ್ದೀರಾ? ಹಾಗಿದ್ದರೆ ಮುಂದೆ ಓದಬೇಡಿ. ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಫೋನ್ ಮಾಡಿ, ಹೊರಡಿ. ರಾತ್ರಿಯಾಗಿದ್ದರೂ, ಭಾನುವಾರವಾದರೂ, ನಿನ್ನೆ ತಾನೇ ಹೋಗಿ ಬಂದಿದ್ದರೂ ಸರಿ. ಉಳಿದದ್ದನ್ನು ಬಂದ ಮೇಲೆ ಓದಬಹುದು.

ಹಂತ 1: ಯಾವ ವಾರದಲ್ಲಿ ಏನು ಗೊತ್ತಾಗುತ್ತದೆ

ಮನೆಯಲ್ಲಿ ನಾವು ತಿಂಗಳ ಲೆಕ್ಕ ಹಿಡಿಯುತ್ತೇವೆ. ‘ಏಳು ತುಂಬಿ ಎಂಟರಲ್ಲಿ ಬಿದ್ದಿದೆ’ ಅನ್ನುತ್ತೇವೆ. ಡಾಕ್ಟರು ಮಾತ್ರ ವಾರದ ಲೆಕ್ಕ ಹಿಡಿಯುತ್ತಾರೆ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಆ ಲೆಕ್ಕ ಶುರು. ಮಿಸುಕಾಟದ ವಿಷಯದಲ್ಲಿ ವಾರದ ಲೆಕ್ಕವೇ ಬೇಕು. ತಾಯಿ ಕಾರ್ಡಿನಲ್ಲಿ ಅಥವಾ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ನೋಡಿ, ಇವತ್ತಿಗೆ ಎಷ್ಟು ವಾರ ಅಂತ ತಿಳಿದುಕೊಂಡಿರಿ.

ಚೊಚ್ಚಲ ಬಸಿರಾದರೆ ಸಾಮಾನ್ಯವಾಗಿ 18ರಿಂದ 20ನೇ ವಾರದಲ್ಲಿ ಮೊದಲ ಮಿಸುಕಾಟ ಗೊತ್ತಾಗುತ್ತದೆ. ಎರಡನೆಯದೋ ಮೂರನೆಯದೋ ಆದರೆ 16ನೇ ವಾರಕ್ಕೇ ಗೊತ್ತಾಗಬಹುದು. ಮಗು ಬೇಗ ಆಡುತ್ತದೆ ಅಂತಲ್ಲ, ನಿಮಗೆ ಅದರ ಗುರುತು ಮೊದಲೇ ಸಿಕ್ಕಿರುತ್ತದೆ. ಮೊದಲ ಸಲ ನನಗೆ ಅದು ಗ್ಯಾಸ್ ಅನಿಸಿತ್ತು. ಹೊಕ್ಕುಳ ಕೆಳಗೆ ಮೀನುಮರಿ ಬಾಲ ಬಡಿದ ಹಾಗೆ ಒಂದು ಚಿಕ್ಕ ಅಲುಗಾಟ, ಅಷ್ಟೇ. ನಾಲ್ಕು ದಿನ ಅದೇ ಹೊತ್ತಿಗೆ ಬಂದಾಗ ತಿಳಿಯಿತು.

ಮಗುವಿಗೆ ಆಹಾರ, ಆಮ್ಲಜನಕ ತಲುಪಿಸುವ ಮಾಸು (ಪ್ಲಾಸೆಂಟಾ) ಗರ್ಭಚೀಲದ ಮುಂಭಾಗಕ್ಕೆ, ಅಂದರೆ ನಿಮ್ಮ ಹೊಟ್ಟೆಯ ಕಡೆಗೆ ಅಂಟಿಕೊಂಡಿದ್ದರೆ ಮೊದಮೊದಲ ಒದೆತ ಅಷ್ಟಾಗಿ ತಿಳಿಯುವುದಿಲ್ಲ. ಮಧ್ಯೆ ಒಂದು ದಿಂಬು ಇದ್ದ ಹಾಗೆ. ಐದನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಮಾಸು ಎಲ್ಲಿದೆ ಅಂತ ಬರೆದಿರುತ್ತಾರೆ, ಕೇಳಿ ತಿಳಿದುಕೊಳ್ಳಿ. ಆದರೂ 24 ವಾರ ಆಗುವಷ್ಟರಲ್ಲಿ ಒಂದು ಸಲವೂ ಮಿಸುಕಾಟ ಗೊತ್ತಾಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಆಮೇಲೆ ದಿನದಿಂದ ದಿನಕ್ಕೆ ಆಟ ಹೆಚ್ಚುತ್ತದೆ. ಸುಮಾರು 32 ವಾರದವರೆಗೆ ಏರುತ್ತಾ ಹೋಗಿ, ಅಲ್ಲಿಂದ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ನಿಲ್ಲುತ್ತದೆ ಅಂದರೆ ಕಡಿಮೆಯಾಗುತ್ತದೆ ಅಂತಲ್ಲ. ಒಂಬತ್ತನೇ ತಿಂಗಳಲ್ಲಿ ಮಿಸುಕಾಟದ ರೀತಿ ಬದಲಾಗಬಹುದು. ಮೊದಲು ಫಟ್ ಅಂತ ಒದೆಯುತ್ತಿದ್ದ ಮಗು ಈಗ ನಿಧಾನವಾಗಿ ಹೊರಳುತ್ತದೆ, ಮೊಣಕೈ ಒತ್ತಿದಂತೆ ಹೊಟ್ಟೆಯ ಒಂದು ಕಡೆ ಉಬ್ಬುತ್ತದೆ. ಆದರೆ ಎಷ್ಟು ಸಲ ಅನ್ನುವುದು ಇಳಿಯಬಾರದು. ಹೆರಿಗೆ ನೋವು ಶುರುವಾದ ಮೇಲೂ ಮಗು ಮಿಸುಕುತ್ತಲೇ ಇರುತ್ತದೆ.

ಹಂತ 2: ನಿಮ್ಮ ಮಗುವಿನ ದಿನಚರಿ ಕಲಿಯಿರಿ

ಪಕ್ಕದ ಮನೆಯವಳ ಮಗು ಎಷ್ಟು ಸಲ ಒದೆಯಿತು ಅನ್ನುವುದು ನಿಮಗೆ ಬೇಡ. ನಿಮ್ಮ ಮೊದಲ ಮಗು ಹೇಗಿತ್ತು ಅನ್ನುವುದೂ ಬೇಡ. ಈ ಮಗು ನಿನ್ನೆ, ಮೊನ್ನೆ, ಕಳೆದ ವಾರ ಹೇಗಿತ್ತು ಅನ್ನುವುದೊಂದೇ ಸರಿಯಾದ ಹೋಲಿಕೆ.

ಹೊಟ್ಟೆಯೊಳಗೂ ಮಗು ನಿದ್ದೆ ಮಾಡುತ್ತದೆ. ಒಂದೊಂದು ನಿದ್ದೆ ಸಾಮಾನ್ಯವಾಗಿ 20ರಿಂದ 40 ನಿಮಿಷ. ಆರೋಗ್ಯವಾಗಿರುವ ಮಗು ಒಂದೂವರೆ ಗಂಟೆಗಿಂತ ಜಾಸ್ತಿ ಒಂದೇ ಸಮನೆ ಮಲಗುವುದು ಅಪರೂಪ. ಈ ಲೆಕ್ಕ ತಲೆಯಲ್ಲಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ. ಹೆಚ್ಚಿನ ಮಕ್ಕಳು ಮಧ್ಯಾಹ್ನದಿಂದ ರಾತ್ರಿಯವರೆಗಿನ ಹೊತ್ತಿನಲ್ಲಿ ಜಾಸ್ತಿ ಆಡುತ್ತವೆ.

ನೀವು ಓಡಾಡುತ್ತಿದ್ದಾಗ, ಬಸ್ಸಿನಲ್ಲಿ ನಿಂತಿದ್ದಾಗ, ಒಲೆ ಮುಂದೆ ಇದ್ದಾಗ ಸಣ್ಣ ಮಿಸುಕಾಟ ಗಮನಕ್ಕೇ ಬರುವುದಿಲ್ಲ. ಮಲಗಿದಾಗ ಚೆನ್ನಾಗಿ ತಿಳಿಯುತ್ತದೆ, ಕೂತಾಗ ಅದಕ್ಕಿಂತ ಕಡಿಮೆ, ನಿಂತಾಗ ಇನ್ನೂ ಕಡಿಮೆ. ಅದಕ್ಕೇ ಗಾರ್ಮೆಂಟ್ಸಿಗೆ, ಆಫೀಸಿಗೆ, ಗದ್ದೆ ಕೆಲಸಕ್ಕೆ ಹೋಗುವವರಿಗೆ ನಾನು ಒಂದು ಮಾತು ಹೇಳುತ್ತೇನೆ. ದಿನದಲ್ಲಿ ಒಂದು ಹೊತ್ತನ್ನು ಮಗುವಿಗಾಗಿಯೇ ಎತ್ತಿಡಿ. ಮೊಬೈಲ್ ದೂರ ಇಡಿ, ಟಿವಿ ಆರಿಸಿ, ಹೊಟ್ಟೆ ಮೇಲೆ ಕೈ ಇಟ್ಟು ಮಲಗಿ. ಒಂದೇ ವಾರದಲ್ಲಿ ಮಗುವಿನ ದಿನಚರಿ ನಿಮಗೆ ತಿಳಿಯುತ್ತದೆ.

ಹಂತ 3: ಎಣಿಸುವುದು ಹೇಗೆ

28ನೇ ವಾರದಿಂದ, ಅಂದರೆ ಏಳು ತಿಂಗಳು ತುಂಬುವ ಹೊತ್ತಿನಿಂದ, ಎಣಿಸಲು ಶುರು ಮಾಡಬಹುದು. ಮಗು ಕಳೆದುಕೊಳ್ಳುವ ಅಪಾಯ ಜಾಸ್ತಿ ಇದೆ ಅಂತ ಡಾಕ್ಟರು ಹೇಳಿದ್ದರೆ ಅವರು ಹೇಳಿದ ವಾರದಿಂದಲೇ ಶುರು ಮಾಡಿ.

ನಾನು ಮಾಡಿದ್ದು ಹೀಗೆ. ಒಂದು ಬಟ್ಟಲಲ್ಲಿ ಹತ್ತು ಹುಣಸೆ ಬೀಜ. ಪಕ್ಕದಲ್ಲಿ ಒಂದು ಖಾಲಿ ಬಟ್ಟಲು. ರಾತ್ರಿ ಊಟವಾದ ಮೇಲೆ ಎಡ ಮಗ್ಗುಲಲ್ಲಿ ಮಲಗಿ ಗಡಿಯಾರ ನೋಡಿಕೊಳ್ಳುತ್ತಿದ್ದೆ. ಮಗು ಒಂದು ಸಲ ಮಿಸುಕಿದರೆ ಒಂದು ಬೀಜ ಆಚೆ ಬಟ್ಟಲಿಗೆ. ಹತ್ತೂ ದಾಟಿದ ಮೇಲೆ ಎಷ್ಟು ನಿಮಿಷವಾಯಿತು ಅಂತ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. 25, 30, 22, 35. ಹೀಗೆ ಹತ್ತು ದಿನ ಬರೆದರೆ ಸಾಕು, ‘ನಮ್ಮ ಮಗುವಿಗೆ ಸುಮಾರು ಅರ್ಧ ಗಂಟೆ ಬೇಕು’ ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ಒಂದು ದಿನ ಒಂದು ಗಂಟೆ ಕಳೆದರೂ ಆರೇ ಬೀಜ ದಾಟಿದ್ದರೆ ನಿಮಗೇ ಎಚ್ಚರವಾಗುತ್ತದೆ.

ಏನನ್ನು ಎಣಿಸಬೇಕು? ಒದೆತ, ಗುದ್ದು, ಹೊರಳಾಟ, ತಿವಿತ, ಎಲ್ಲವೂ ಲೆಕ್ಕಕ್ಕೆ. ಒಂದೇ ಸಮನೆ ಹೊರಳಿದರೆ ಅದು ಒಂದು. ನಿಂತು ಮತ್ತೆ ಶುರುವಾದರೆ ಇನ್ನೊಂದು. ಬಿಕ್ಕಳಿಕೆಯನ್ನು ಮಾತ್ರ ಸೇರಿಸಬೇಡಿ. ಒಂದೇ ಜಾಗದಲ್ಲಿ, ಗಡಿಯಾರದ ಮುಳ್ಳಿನ ಹಾಗೆ ಟಕ್ ಟಕ್ ಅಂತ ಒಂದೇ ತಾಳದಲ್ಲಿ ಬರುವುದೇ ಬಿಕ್ಕಳಿಕೆ. ಅದು ಸಹಜ, ಭಯ ಬೇಡ, ಆದರೆ ಮಿಸುಕಾಟವಲ್ಲ. ಹೊಟ್ಟೆ ಗಟ್ಟಿಯಾಗಿ ಸಡಿಲವಾಗುವುದೂ ಲೆಕ್ಕಕ್ಕಿಲ್ಲ. ಅದು ಗರ್ಭಚೀಲ ಬಿಗಿಯಾಗುವುದು.

ನಮ್ಮ ಕಡೆ ಎಷ್ಟೋ ಡಾಕ್ಟರು ಇನ್ನೊಂದು ಲೆಕ್ಕ ಹೇಳಿಕೊಡುತ್ತಾರೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ, ಮೂರೂ ಆದ ಮೇಲೆ ಒಂದೊಂದು ಗಂಟೆ ಎಣಿಸಬೇಕು. ಪ್ರತಿ ಗಂಟೆಯಲ್ಲಿ ಕಡಿಮೆ ಅಂದರೆ ಮೂರು ಸಲ ಮಿಸುಕಬೇಕು. ಹತ್ತರ ಲೆಕ್ಕಕ್ಕೂ ಹಳೆಯ ಚರಿತ್ರೆಯಿದೆ. 1976ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ವೈದ್ಯರು ದಿನದ 12 ಗಂಟೆಯಲ್ಲಿ ಹತ್ತು ಮಿಸುಕಾಟ ಅನ್ನುವ ಲೆಕ್ಕ ಮುಂದಿಟ್ಟರು. ನಿಮ್ಮ ಡಾಕ್ಟರು ಯಾವುದನ್ನು ಹೇಳಿದ್ದಾರೋ ಅದನ್ನೇ ಮಾಡಿ.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಎಲ್ಲ ಬಸುರಿಯರೂ ಕಡ್ಡಾಯವಾಗಿ ಎಣಿಸಿದರೆ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು ತಪ್ಪುತ್ತದೆ ಅಂತ ಸಂಶೋಧನೆಗಳಲ್ಲಿ ಸಾಬೀತಾಗಿಲ್ಲ. ಅದಕ್ಕೇ ಎಷ್ಟೋ ದೇಶಗಳಲ್ಲಿ ‘ಸಂಖ್ಯೆಗಿಂತ ನಿಮ್ಮ ಮಗುವಿನ ಅಭ್ಯಾಸ ತಿಳಿಯಿರಿ’ ಅನ್ನುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಬೀಜ ಎಣಿಸುವುದು ಆ ಅಭ್ಯಾಸ ಕಲಿಯುವ ದಾರಿ, ಅಷ್ಟೇ. ಹತ್ತು ದಾಟಿದರೂ ‘ಇವತ್ತು ಯಾಕೋ ಬೇರೆ ಥರ ಇದೆ, ಬಲವೇ ಇಲ್ಲ’ ಅಂತ ನಿಮ್ಮ ಮನಸ್ಸು ಹೇಳಿದರೆ ಮನಸ್ಸಿನ ಮಾತನ್ನೇ ಕೇಳಿ.

ಅವಳಿ ಮಕ್ಕಳಿದ್ದರೆ ಯಾವ ಮಗು ಮಿಸುಕಿತು ಅಂತ ಹೇಳುವುದು ಕಷ್ಟ. ಅವರಿಗೆ ಹೇಗೂ ಪದೇಪದೇ ಸ್ಕ್ಯಾನಿಂಗ್ ಇರುತ್ತದೆ. ಒಟ್ಟಾರೆ ಆಟ ತಗ್ಗಿದರೆ ಅವರೂ ತಡಮಾಡಬಾರದು.

ಹಂತ 4: ಅನುಮಾನ ಬಂದಾಗ

ಎರಡು ಸಂದರ್ಭಗಳನ್ನು ಬೇರೆ ಬೇರೆ ನೋಡಿ.

ಒಂದು, ಮಿಸುಕಾಟ ಪೂರ್ತಿ ನಿಂತಿದೆ, ಅಥವಾ ಎಂದಿಗಿಂತ ಕಡಿಮೆಯಾಗಿದೆ ಅಂತ ನಿಮಗೆ ಖಚಿತ. ಆಗ ಎಣಿಸುತ್ತಾ ಕೂರಬೇಡಿ. ಹೊರಡಿ.

ಎರಡು, ಕೆಲಸದ ಗಡಿಬಿಡಿಯಲ್ಲಿ ಗಮನಿಸಿಲ್ಲ, ಖಚಿತವಿಲ್ಲ. ಆಗ ಒಂದು ಲೋಟ ನೀರು ಕುಡಿದು, ಹಸಿದಿದ್ದರೆ ಏನಾದರೂ ತಿಂದು, ಎಡ ಮಗ್ಗುಲಲ್ಲಿ ಮಲಗಿ. ಬರೀ ಮಗುವಿನ ಕಡೆ ಗಮನ ಕೊಡಿ. ಎರಡು ಗಂಟೆ ಇದರ ಗಡುವು. ಅಷ್ಟರಲ್ಲಿ ಹತ್ತು ಸಲ ಮಿಸುಕದಿದ್ದರೆ ಆಸ್ಪತ್ರೆಗೆ ಹೋಗಿ. ಎರಡು ಗಂಟೆ ಯಾಕೆ ಅಂದರೆ, ಮಗು ಮಲಗಿದ್ದರೂ ಅಷ್ಟರಲ್ಲಿ ಎದ್ದಿರಬೇಕು. ಮಧ್ಯದಲ್ಲೇ ಭಯ ಜಾಸ್ತಿಯಾದರೆ ಎರಡು ಗಂಟೆ ಮುಗಿಯಲಿ ಅಂತ ಕಾಯಬೇಡಿ. ಇನ್ನೂ ಎರಡು ಗಂಟೆ ನೋಡೋಣ ಅನ್ನುವ ಮಾತಂತೂ ಬೇಡವೇ ಬೇಡ.

ಮೂರನೆಯದೂ ಒಂದಿದೆ, ಅದು ಅಪರೂಪ. ಮಗು ಒಮ್ಮೆಲೇ ಹಿಂದೆಂದೂ ಇಲ್ಲದ ಹಾಗೆ ವಿಲವಿಲ ಒದ್ದಾಡಿ, ಆಮೇಲೆ ಪೂರ್ತಿ ಸುಮ್ಮನಾಗುವುದು. ವಾರದಿಂದ ವಾರಕ್ಕೆ ಒದೆತ ಜೋರಾಗುವುದು ಬೆಳವಣಿಗೆಯ ಲಕ್ಷಣ. ಈ ಒದ್ದಾಟ ಬೇರೆ. ಕೂಡಲೇ ತೋರಿಸಿ.

ಮಗು ಯಾಕೆ ಸುಮ್ಮನಾಗುತ್ತದೆ

ಹೆಚ್ಚಿನ ಸಲ ಕಾರಣ ಸಣ್ಣದೇ. ಮಗು ಮಲಗಿರುತ್ತದೆ, ತಿರುಗಿ ಬೆನ್ನು ಮುಂದೆ ಮಾಡಿರುತ್ತದೆ, ಅಥವಾ ನೀವು ದಣಿದಿರುತ್ತೀರಿ. ಕೆಲವು ಔಷಧಿಗಳಿಂದಲೂ ಆಗುತ್ತದೆ. ನಿದ್ದೆ ಬರಿಸುವ ಮಾತ್ರೆ, ಅವಧಿಗೆ ಮುಂಚೆ ಹೆರಿಗೆಯಾಗಬಹುದು ಅಂತ ಮಗುವಿನ ಶ್ವಾಸಕೋಶಕ್ಕಾಗಿ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್, ಇವುಗಳಿಂದ ಒಂದೆರಡು ದಿನ ಆಟ ತಗ್ಗಬಹುದು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2011ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಒಂದು ಸಲ ಮಿಸುಕಾಟ ಕಡಿಮೆಯಾದ ನೂರರಲ್ಲಿ ಸುಮಾರು 70 ಬಸುರಿಯರಿಗೆ ಮುಂದೆ ಯಾವ ತೊಂದರೆಯೂ ಆಗುವುದಿಲ್ಲ.

ಆದರೆ ಉಳಿದವರಲ್ಲಿ ನೀವಿದ್ದೀರಾ ಅಂತ ಮನೆಯಲ್ಲಿ ಕೂತು ಹೇಳಲಾಗದು. ಮಾಸು ಸರಿಯಾಗಿ ಕೆಲಸ ಮಾಡದೆ ಹೋದರೆ ಮಗುವಿಗೆ ಆಮ್ಲಜನಕ, ಆಹಾರ ಎರಡೂ ಕಡಿಮೆಯಾಗುತ್ತವೆ. ಕರೆಂಟ್ ಹೋದಾಗ ನಾವೇನು ಮಾಡುತ್ತೇವೆ? ಯುಪಿಎಸ್ ಚಾರ್ಜ್ ಉಳಿಯಲಿ ಅಂತ ಟಿವಿ, ಫ್ಯಾನ್ ಆರಿಸಿ ಒಂದೇ ದೀಪ ಉರಿಸುತ್ತೇವಲ್ವಾ? ಮಗುವೂ ಹಾಗೇ ಮಾಡುತ್ತದೆ. ಇರುವ ರಕ್ತವನ್ನು ಮಿದುಳಿಗೆ, ಹೃದಯಕ್ಕೆ ಕಳಿಸಿ ಕೈಕಾಲಿನ ಆಟ ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ ಎಷ್ಟೋ ಸಲ ನಿಮಗೆ ನೋವಿರುವುದಿಲ್ಲ, ರಕ್ತಸ್ರಾವ ಇರುವುದಿಲ್ಲ. ಮಗು ಸುಮ್ಮನಾಗುವುದೊಂದೇ ಸುದ್ದಿ.

ಬಿಪಿ, ಶುಗರ್ ಇರುವವರು, ಮಗುವಿನ ತೂಕ ಕಡಿಮೆ ಅಂತ ಹೇಳಿಸಿಕೊಂಡವರು, ಹಿಂದೆ ಒಂದು ಮಗು ಕಳೆದುಕೊಂಡವರು, ದಿನ ದಾಟಿದವರು ಇನ್ನಷ್ಟು ಎಚ್ಚರವಾಗಿರಬೇಕು. ಅಂಗೈ ಅಂಗಾಲಿನಲ್ಲಿ ವಿಪರೀತ ತುರಿಕೆ, ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಅಥವಾ ನೀರು ಹೋಗುವುದು ಕಂಡರೆ ಮಿಸುಕಾಟ ಚೆನ್ನಾಗಿದ್ದರೂ ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಕೇಳಿಬರುವ ಮಾತುಗಳು

“ಜಾಗ ಇಲ್ಲ, ಅದಕ್ಕೇ ಒದೆಯಲ್ಲ.” ತಪ್ಪು. ಜಾಗ ಕಡಿಮೆಯಾದರೆ ಒದೆತ ಹೊರಳಾಟವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ನಮ್ಮ ಊರಮನೆಗಳಲ್ಲಿ ಎಲ್ಲಕ್ಕಿಂತ ಅಪಾಯದ ಮಾತು ಇದೇ ಅಂತ ನಾನು ಹೇಳುತ್ತೇನೆ, ಯಾಕೆಂದರೆ ಕೇಳಿದರೆ ನಿಜ ಅನಿಸುತ್ತದೆ.

“ಹೆರಿಗೆ ಹತ್ತಿರ ಬಂದರೆ ಮಗು ಸುಮ್ನಾಗುತ್ತೆ.” ಇದೂ ತಪ್ಪು.

“ಗಂಡು ಮಗುವಾದರೆ ಜಾಸ್ತಿ ಒದೆಯುತ್ತೆ.” ಒದೆತಕ್ಕೂ ಗಂಡು ಹೆಣ್ಣಿಗೂ ಸಂಬಂಧವಿಲ್ಲ.

“ತಣ್ಣನೆ ಜ್ಯೂಸ್ ಕುಡಿ, ಸಿಹಿ ತಿನ್ನು, ಎದ್ದೇಳುತ್ತೆ.” ಕುಡಿದರೆ ತಪ್ಪಿಲ್ಲ. ಆದರೆ ಅದು ಪರೀಕ್ಷೆಯಲ್ಲ. ಕುಡಿದ ಮೇಲೆ ಒಂದು ಸಲ ಮಿಸುಕಿತು ಅಂತ ಸಮಾಧಾನಪಟ್ಟು ಮಲಗಿಬಿಡುವುದೇ ಇದರಲ್ಲಿರುವ ತೊಂದರೆ.

ಈಗ ಆನ್‌ಲೈನ್‌ನಲ್ಲಿ ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ಯಂತ್ರ ಸಿಗುತ್ತದೆ. ದಯವಿಟ್ಟು ಅದನ್ನು ನಂಬಬೇಡಿ. ನಿಮ್ಮದೇ ರಕ್ತನಾಳದ ಬಡಿತ ಕೇಳಿ ಮಗುವಿನದು ಅಂದುಕೊಳ್ಳಬಹುದು. ನಿಜವಾಗಿ ಮಗುವಿನದ್ದೇ ಆದರೂ, ಬಡಿತ ಇದೆ ಅಂದ ಮಾತ್ರಕ್ಕೆ ಮಗು ಚೆನ್ನಾಗಿದೆ ಅಂತ ಅರ್ಥವಲ್ಲ.

ಹಂತ 5: ಹೊರಡುವಾಗ

ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟುಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಒಂದೇ ಚೀಲದಲ್ಲಿರಲಿ. 28 ವಾರದಿಂದಲೇ ಅದು ಬಾಗಿಲ ಹಿಂದೆ ತೂಗುಹಾಕಿರಲಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಆಶಾ ಕಾರ್ಯಕರ್ತೆಯ ನಂಬರ್ ನಿಮ್ಮ ಫೋನಿನಲ್ಲಷ್ಟೇ ಅಲ್ಲ, ಅತ್ತೆಯ ಫೋನಿನಲ್ಲೂ ಇರಲಿ.

ಎಲ್ಲಿಗೆ ಹೋಗಬೇಕು ಅನ್ನುವುದೂ ಮುಖ್ಯ. ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಬರೆಯುವ ಯಂತ್ರ, ಸ್ಕ್ಯಾನಿಂಗ್, ಸಿಸೇರಿಯನ್ ಸೌಲಭ್ಯ ಇವು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇರುವುದಿಲ್ಲ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿಯೂ ಯಾರಿರುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಖು ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. ಒಳ್ಳೆಯ ವ್ಯವಸ್ಥೆ, ತಪ್ಪಿಸಬೇಡಿ. ಆದರೆ 6ನೇ ತಾರೀಖು ಮಿಸುಕಾಟ ಕಡಿಮೆಯಾದರೆ 9ರ ತನಕ ಕಾಯುವ ವಿಷಯ ಇದಲ್ಲ.

ಹೋದ ಕೂಡಲೇ ಮೊದಲ ವಾಕ್ಯದಲ್ಲೇ ಹೇಳಿ: “ನನಗೆ 34 ವಾರ. ಇವತ್ತು ಮಧ್ಯಾಹ್ನದಿಂದ ಮಗು ಮಿಸುಕಾಡಿಲ್ಲ.” ‘ಸ್ವಲ್ಪ ಸುಸ್ತು, ಒಂಥರಾ ಆಗ್ತಿದೆ’ ಅಂತ ಶುರು ಮಾಡಿದರೆ ಸಾಲಿನಲ್ಲಿ ಕೂರಿಸಬಹುದು.

ಹಂತ 6: ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ

ಬಿಪಿ ನೋಡುತ್ತಾರೆ, ಹೊಟ್ಟೆ ಅಳೆಯುತ್ತಾರೆ, ಮಗುವಿನ ಎದೆಬಡಿತ ಕೇಳುತ್ತಾರೆ. ಅದು ನಿಮಿಷಕ್ಕೆ 110ರಿಂದ 160ರವರೆಗೆ ಇರಬೇಕು. 28 ವಾರ ದಾಟಿದ್ದರೆ ಅಷ್ಟಕ್ಕೇ ಮುಗಿಯಬಾರದು. ಎನ್‌ಎಸ್‌ಟಿ ಮಾಡಬೇಕು.

ಎನ್‌ಎಸ್‌ಟಿ ಅಂದರೆ ಹೆದರುವಂಥದ್ದೇನೂ ಅಲ್ಲ. ಚುಚ್ಚುವುದಿಲ್ಲ, ನೋವಿಲ್ಲ. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ. ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಗರ್ಭಚೀಲದ ಬಿಗಿತಕ್ಕೆ. ಕೈಗೆ ಒಂದು ಬಟನ್ ಕೊಟ್ಟು ಮಗು ಮಿಸುಕಿದಾಗ ಒತ್ತಿ ಅನ್ನುತ್ತಾರೆ. ಯಂತ್ರದಿಂದ ಉದ್ದದ ಕಾಗದ ಬರುತ್ತಾ ಇರುತ್ತದೆ, ಅದರ ಮೇಲೆ ಏರಿಳಿಯುವ ಗೆರೆ. ಮಗು ಮಿಸುಕಿದಾಗ ಎದೆಬಡಿತ ಸ್ವಲ್ಪ ಹೊತ್ತು ಏರಬೇಕು. ನಾವು ಮೆಟ್ಟಿಲು ಹತ್ತಿದಾಗ ಆಗುವ ಹಾಗೆ. 32 ವಾರ ದಾಟಿದ ಮಗುವಿಗೆ 20 ನಿಮಿಷದಲ್ಲಿ ಕಡಿಮೆ ಅಂದರೆ ಎರಡು ಸಲ, ಪ್ರತಿ ಸಲ ಕಡಿಮೆ ಅಂದರೆ 15 ಸೆಕೆಂಡು, ಬಡಿತ 15ರಷ್ಟಾದರೂ ಮೇಲೇರಿದರೆ ಚೆನ್ನಾಗಿದೆ ಅಂತ. ಮಗು ಮಲಗಿದ್ದರೆ 40 ನಿಮಿಷದವರೆಗೂ ನೋಡುತ್ತಾರೆ. ನನಗೆ ಮೊದಲ ಹತ್ತು ನಿಮಿಷ ಗೆರೆ ಚಪ್ಪಟೆಯಾಗಿಯೇ ಹೋಯಿತು. ಗಂಡ ಬಿಟ್ಟ ಕಣ್ಣಿನಿಂದ ಕಾಗದವನ್ನೇ ನೋಡುತ್ತಿದ್ದರು. ಹನ್ನೊಂದನೇ ನಿಮಿಷಕ್ಕೋ ಏನೋ ಬಲಪಕ್ಕೆಗೆ ಆ ಪರಿಚಯದ ಗುದ್ದು ಬಿತ್ತು, ಗೆರೆ ಗುಡ್ಡದ ಹಾಗೆ ಎದ್ದಿತು.

ಎನ್‌ಎಸ್‌ಟಿ ಸರಿ ಇಲ್ಲದಿದ್ದರೆ, ಸರಿ ಇದ್ದೂ ಮಿಸುಕಾಟ ವಾಪಸ್ ಬರದಿದ್ದರೆ, ಅಥವಾ ನಿಮಗೆ ಬಿಪಿಯಂಥ ತೊಂದರೆ ಇದ್ದರೆ ಸ್ಕ್ಯಾನಿಂಗ್ ಮಾಡುತ್ತಾರೆ. ಮಗುವಿನ ಬೆಳವಣಿಗೆ, ಸುತ್ತಲಿನ ನೀರು, ಹೊಕ್ಕುಳಬಳ್ಳಿಯ ರಕ್ತ ಸಂಚಾರ ನೋಡುತ್ತಾರೆ. ಎದೆಬಡಿತ ಮಾತ್ರ ಕೇಳಿ ‘ಹೋಗಿ’ ಅಂದರೆ ಸಂಕೋಚ ಬೇಡ. “ಡಾಕ್ಟ್ರೇ, ಎನ್‌ಎಸ್‌ಟಿ ಮಾಡ್ತೀರಾ?” ಅಂತ ಕೇಳಿ. ಅಲ್ಲಿ ಯಂತ್ರ ಇಲ್ಲದಿದ್ದರೆ ಎಲ್ಲಿದೆ ಅಂತ ಬರೆಸಿಕೊಂಡು ಅಲ್ಲಿಗೆ ಹೋಗಿ.

ತವರಿಗೆ ಹೋಗುವ ಮುನ್ನ

ಏಳರಲ್ಲೋ ಒಂಬತ್ತರಲ್ಲೋ ಸೀಮಂತ ಮುಗಿಸಿ ತವರಿಗೆ ಹೋಗುವುದು ನಮ್ಮ ರೂಢಿ. ಮಿಸುಕಾಟವನ್ನು ಎಲ್ಲಕ್ಕಿಂತ ಜಾಸ್ತಿ ಗಮನಿಸಬೇಕಾದ ದಿನಗಳೂ ಅವೇ. ಅದೇ ಹೊತ್ತಿಗೆ ಆಸ್ಪತ್ರೆ ಬದಲು, ಡಾಕ್ಟರು ಬದಲು, ದಿನಚರಿ ಬದಲು. ಹೋದ ವಾರದಲ್ಲೇ ಅಲ್ಲಿನ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಒಂದು ಸಲ ತೋರಿಸಿಕೊಳ್ಳಿ. ರಾತ್ರಿ ಹೋಗಬೇಕಾದರೆ ಯಾವ ಗೇಟು, ಯಾವ ನಂಬರ್ ಅಂತ ಅಪ್ಪನಿಗೋ ತಮ್ಮನಿಗೋ ತೋರಿಸಿಡಿ. ಸೀಮಂತದ ದಿನ ಎಷ್ಟೇ ಜನ ಬಂದಿರಲಿ, ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಒಳಕೋಣೆಯಲ್ಲಿ ಮಲಗುತ್ತೇನೆ ಅಂತ ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ.

28 ವಾರದ ನಂತರ ನಿದ್ದೆಗೆ ಜಾರುವಾಗ ಅಂಗಾತ ಬೇಡ, ಮಗ್ಗುಲಾಗಿ ಮಲಗಿ. ಎಡ, ಬಲ ಯಾವುದಾದರೂ ಸರಿ. ಮಧ್ಯರಾತ್ರಿ ಎಚ್ಚರವಾದಾಗ ಅಂಗಾತವಾಗಿದ್ದರೆ ಗಾಬರಿ ಬೇಡ, ಮತ್ತೆ ಮಗ್ಗುಲಾಗಿ.

ಪರೀಕ್ಷೆ ಮುಗಿಸಿ ಮನೆಗೆ ಬಂದ ಮೇಲೆ

ಎಲ್ಲ ಸರಿ ಇದೆ ಅಂದರೆ ಆ ಹೊತ್ತಿಗೆ ಸರಿ ಇದೆ ಅಂತ. ನಾಡಿದ್ದು ಮತ್ತೆ ಕಡಿಮೆಯಾದರೆ ಮತ್ತೆ ಹೋಗಬೇಕು. ‘ಮೊನ್ನೆ ತಾನೇ ಹೋಗಿದ್ದೆವು, ಏನಂದುಕೊಳ್ಳುತ್ತಾರೋ’ ಅನ್ನುವ ಸಂಕೋಚವೇ ಎಷ್ಟೋ ಜನರನ್ನು ಮನೆಯಲ್ಲಿ ಕೂರಿಸುತ್ತದೆ. ಎರಡನೇ ಸಲ ಹೋದಾಗ “ಇದು ಎರಡನೇ ಸಲ” ಅಂತ ಬಾಯಿಬಿಟ್ಟು ಹೇಳಿ, ಮೊದಲ ಸಲದ ಎನ್‌ಎಸ್‌ಟಿ ಕಾಗದ ತೋರಿಸಿ. ಪದೇಪದೇ ಕಡಿಮೆಯಾಗುವುದನ್ನು ಡಾಕ್ಟರು ಬೇರೆ ಕಣ್ಣಿನಿಂದ ನೋಡುತ್ತಾರೆ. ಬೆಳವಣಿಗೆಯ ಸ್ಕ್ಯಾನಿಂಗ್ ಆಗಿಲ್ಲದಿದ್ದರೆ ಮಾಡಿಸುತ್ತಾರೆ. ದಿನ ಹತ್ತಿರವಿದ್ದರೆ ಬೇಗ ಹೆರಿಗೆ ಮಾಡಿಸುವುದೋ, ಇನ್ನೂ ಕಾಯುವುದೋ ಅಂತ ನಿಮ್ಮ ಜೊತೆ ಮಾತಾಡಿ ತೀರ್ಮಾನಿಸುತ್ತಾರೆ. ಆ ಮಾತುಕತೆಗೆ ಗಂಡನನ್ನೂ ಕರೆದುಕೊಂಡು ಹೋಗಿ. ಕ್ಯಾಲೆಂಡರಿನ ಆ ಪೆನ್ಸಿಲ್ ಲೆಕ್ಕದ ಫೋಟೋ ಫೋನಿನಲ್ಲಿರಲಿ.